ಚಾ ಇಡಲು ಜಾಗವಿಲ್ಲದ ಕಾರು

ದುಬೈಯಲ್ಲಿ ನನ್ನ ಗಂಡ ಕೊಂಡ ಮೊದಲ ಕಾರು ಅಮೆರಿಕದಲ್ಲಿ ಸೋತು ಬಂದದ್ದು. ಇಟಲಿಯ ಕೆಂಪು ಪುಟಾಣಿ. ಅಲ್ಲಿ ಯಾರಿಗೂ ಬೇಡವಾಗಿ, ಹಡಗು ಹತ್ತಿ ಇಲ್ಲಿಯ ಹರಾಜಿಗೆ ಬಂದು ಇವರ ಕಣ್ಣಿಗೆ ಬಿತ್ತು. ಬೆಂಡೆಕಾಯಿಯ ತುದಿಯನ್ನೂ ಮುರಿದು ನೋಡಿ ತರುವ ಮನುಷ್ಯ, ಇದನ್ನು ಒಂದು ಸುತ್ತು ಓಡಿಸಿ ಕೊಂಡೇಬಿಟ್ಟರು.

ಅಮೆರಿಕದವರು ಯಾಕೆ ಕೈಬಿಟ್ಟರೆಂದು ಮೊದಲ ಬೇಸಿಗೆಯಲ್ಲೇ ನನಗೆ ಗೊತ್ತಾಯಿತು. ಎಸಿಗೆ ಉಸಿರಿಲ್ಲ. ದೂರದ ದಾರಿಗೆ ಕೂತರೆ ಮೊಣಕಾಲು ಗದ್ದಕ್ಕೆ. ಏನಾದರೂ ಕೆಟ್ಟರೆ ಬಿಡಿಭಾಗ ಸಮುದ್ರ ದಾಟಿ ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಳಗೆ ಒಂದು ಲೋಟ ಇಡಲು ಜಾಗವಿಲ್ಲ!

"ಯುರೋಪಿನವ್ರಿಗೆ ಕಾರು ಓಡಿಸ್ಲಿಕ್ಕೆ, ಕಾಫಿ ಕೂತು ಕುಡೀಲಿಕ್ಕೆ. ಅಮೆರಿಕದವ್ರಿಗೆ ಎರಡೂ ಒಟ್ಟಿಗೆ ಆಗ್ಬೇಕು. ಅಲ್ಲೇ ತಪ್ಪಿದ್ದು ಮಾರಾಯ್ತಿ," ಎಂದು ಇವರು ವಕಾಲತ್ತು ವಹಿಸುತ್ತಿದ್ದರು.

"ನಮಗೂ ಒಟ್ಟಿಗೇ ಆಗ್ಬೇಕಲ್ಲ ಮಾರಾಯ್ರೆ?"

ಆಗಲೇಬೇಕಿತ್ತು. ಇಲ್ಲಿ ಕೆಫೆಟೇರಿಯಾದ ಎದುರು ನಿಂತು ಹಾರ್ನ್ ಹೊಡೆದರೆ ಗಟ್ಟಿ ಹಾಲಿನ ಕರಕ್ ಚಾ ಕಿಟಕಿಗೇ ಬರುತ್ತದೆ. ಕಾರಿನಿಂದ ಇಳಿಯುವ ಪದ್ಧತಿಯೇ ಇಲ್ಲ. ಸಂಜೆ ಜುಮೇರಾ ಲೇಕ್ ಟವರ್ಸ್‌ನ ನನ್ನ ಆಫೀಸಿನಿಂದ ಇವರು ನನ್ನನ್ನು ಕರೆದುಕೊಂಡು ಹೊರಟರೆ, ದಾರಿಯಲ್ಲಿ ಚಾ. ಎರಡು ಪೇಪರ್ ಕಪ್ಪು, ಎರಡೂ ನನ್ನ ಕೈಯಲ್ಲಿ. ಸಿಗ್ನಲ್‌ನಲ್ಲಿ ಇವರು ರಸ್ತೆ ನೋಡುತ್ತಲೇ ಕೈ ಚಾಚುವರು, ನಾನು ಕೊಡುವೆ. ಒಂದು ಗುಟುಕು ಕುಡಿದು ವಾಪಸು. ಹಂಪ್ ಬಂದಾಗಲೆಲ್ಲ ನನ್ನ ಚೂಡಿದಾರಕ್ಕೂ ಒಂದು ಗುಟುಕು. ಮನೆ ಸೇರಿದ ಮೇಲೆ ಅಡುಗೆ, ಫೋನು, ಮಕ್ಕಳ ಹೋಂವರ್ಕು. ನಾವಿಬ್ಬರೇ ಕೂತು ಮಾತಾಡುತ್ತಿದ್ದುದು ಆ ದಾರಿಯಲ್ಲಿ ಮಾತ್ರ.

ಕಳೆದ ಬೇಸಿಗೆಯಲ್ಲಿ ಎಸಿ ಪೂರ್ತಿ ನಿಂತಿತು. ರಾಸ್ ಅಲ್ ಖೋರ್‌ನ ಗ್ಯಾರೇಜಿನವನು ಬಾನೆಟ್ ಮುಚ್ಚಿ, "ಪಾರ್ಟ್ಸ್ ಮಾಫಿ," ಎಂದು, ಬಿಡಿಭಾಗ ಇಲ್ಲವೆಂದು ಕೈಯಾಡಿಸಿದ. ನನ್ನ ಸಿಟ್ಟು ನೆತ್ತಿಗೇರಿತು.

"ಈ ಡಬ್ಬ ಕೊಡುದಾದ್ರೆ ಕೊಡಿ. ಇಲ್ಲದಿದ್ರೆ ನಾಳೆಯಿಂದ ನಾನು ಮೆಟ್ರೋದಲ್ಲಿ ಬರ್ತೇನೆ."

ಇವರು ಆ ವಾರವೇ ಕಾರು ಮಾರಿದರು. ಕೊಡುವ ಮುಂಚೆ ತೊಳೆದು, ಒರೆಸಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಸುಮ್ಮನೆ ನಿಂತಿದ್ದರು. ನನಗೆ ಪಾಪ ಅನಿಸಿತು.

ಹೊಸದು ಜಪಾನಿನದು. ಒಳಗೆ ಕೂತರೆ ಸ್ವೆಟರ್ ಬೇಕು, ಎಲ್ಲಿ ನೋಡಿದರೂ ಲೋಟ ಇಡುವ ಗುಂಡಿ. ಮೊದಲ ಸಂಜೆ ಚಾ ಬಂತು. ನಾನು ಎರಡೂ ಕೈ ಚಾಚಿದೆ. ಇವರು ಎರಡೂ ಕಪ್ಪುಗಳನ್ನು ಸೀಟುಗಳ ನಡುವಿನ ಗುಂಡಿಗಳಲ್ಲಿ ಕೂರಿಸಿ, "ನೋಡು, ಇನ್ನು ನಿಂಗೆ ಆರಾಮ," ಎಂದರು. ನಾನು ಫೋನು ತೆಗೆದೆ. ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ.

ಸಿಗ್ನಲ್ ಕೆಂಪಾಯಿತು. ಇವರು ರಸ್ತೆ ನೋಡುತ್ತಲೇ ನನ್ನ ಕಡೆ ಕೈ ಚಾಚಿದರು. ಚಾ ಇವರ ಮೊಣಕೈ ಹತ್ತಿರವೇ ಇತ್ತು. ನಾನು ಫೋನು ಬ್ಯಾಗಿಗೆ ಹಾಕಿ, ಎರಡೂ ಕಪ್ಪುಗಳನ್ನು ಎತ್ತಿ, ಒಂದನ್ನು ಆ ಕೈಗೆ ಕೊಟ್ಟೆ. ಇನ್ನೊಂದನ್ನು ಮನೆ ಬರುವವರೆಗೂ ಕೆಳಗಿಡಲಿಲ್ಲ.