ಅವರ ಅಂಗಳದಲ್ಲಿ ನಮ್ಮ ದಾರಿ

ಹಳೆಯ ಬಡಾವಣೆಗಳ ಸುದ್ದಿ ಬಂದಾಗಲೆಲ್ಲ ಜನ ಕಣ್ಣು ತೇವ ಮಾಡಿಕೊಂಡು ಒಂದು ಮಾತು ಹೇಳುತ್ತಾರೆ: ಆಗೆಲ್ಲ ಅಕ್ಕಪಕ್ಕದವರು ಒಂದೇ ಮನೆಯವರ ಹಾಗೆ ಇದ್ದರಂತೆ. ಇದ್ದೆವು, ಇಲ್ಲ ಅನ್ನುವುದಿಲ್ಲ. ಎದುರು ಮನೆಯವರ ಅಂಗಳ ದಾಟದೆ ರಸ್ತೆಗೆ ಬರಲು ನಮಗೆ ಬೇರೆ ಗತಿಯೇ ಇರಲಿಲ್ಲ. ಹಾಗಿರುವಾಗ ಒಂದೇ ಮನೆಯವರ ಹಾಗೆ ಇರದೆ ಎಂತ ಮಾಡುವುದು?

ಮಣ್ಣಗುಡ್ಡದ ಇಳಿಜಾರಿನಲ್ಲಿ ರಸ್ತೆಗೆ ಮುಖ ಮಾಡಿ ಇದ್ದದ್ದು ಜಮೀನುದಾರ ಧನಿಯ ಮನೆ. ದೊಡ್ಡ ಚಾವಡಿ, ವಿಶಾಲ ಅಂಗಳ, ಸುತ್ತ ತೆಂಗಿನ ಮರ. ಅದರ ಬೆನ್ನಿಗೆ, ಹತ್ತು ಸೆಂಟ್ಸ್ ಜಾಗದಲ್ಲಿ ನಮ್ಮ ಹಂಚಿನ ಮನೆ. ನಮ್ಮ ಬಲಕ್ಕೆ ಗುಡ್ಡ ಕಡಿದ ದರೆ, ಎಡಕ್ಕೆ ಇನ್ನೊಬ್ಬರ ಮನೆಯ ಗೋಡೆ, ಹಿಂದುಗಡೆ ಊರಿನ ಕೊಳೆನೀರು ಹರಿಯುವ ತೋಡು. ಶಾಲೆಗೆ, ಅಂಗಡಿಗೆ, ಬಸ್ಸಿಗೆ, ಮದುವೆಗೆ, ಎಲ್ಲಿಗೆ ಹೋಗುವುದಾದರೂ ಧನಿಯ ಅಂಗಳ ಹಾದೇ ಹೋಗಬೇಕು.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದರು. ಅಜ್ಜ ಹಳ್ಳಿಯಲ್ಲಿ ಇದೇ ಧನಿಗಳ ಗದ್ದೆ ಮಾಡಿಕೊಂಡಿದ್ದವರು. ಆ ಹಳೆಯ ಸಂಬಂಧದಿಂದಲೇ ಎಪ್ಪತ್ತರ ದಶಕದ ಸುರುವಿನಲ್ಲಿ ಧನಿ ತಮ್ಮ ಹಿತ್ತಿಲನ್ನು ಅಪ್ಪನಿಗೆ ಕ್ರಯಕ್ಕೆ ಕೊಟ್ಟರು. ಕಾಗದ ಮಾಡುವ ಮೊದಲು ಚಾವಡಿಯಲ್ಲಿ ಮಾತಾಯಿತು. ಧನಿ ಕುರ್ಚಿಯಲ್ಲಿ, ಅವರ ತಂಗಿ ಬಾಗಿಲ ಬಳಿ, ಅಪ್ಪ ಅಮ್ಮ ಜಗಲಿಯ ಕೆಳಗೆ. ದಾರಿಯ ವಿಷಯ ಬಂದಾಗ ಧನಿ ನಕ್ಕುಬಿಟ್ಟರಂತೆ.

"ದಾರಿಯನ್ನು ಬರೆಯುವುದು ಎಂತಕ್ಕೆ ಮಾರಾಯ? ನನ್ನ ಅಂಗಳ ಉಂಟಲ್ಲ. ನೀನು ನಡೆಯುವುದನ್ನು ನಾನು ಬೇಡ ಹೇಳ್ತೇನಾ?"

ಮನೆಗೆ ಬಂದ ಮೇಲೆ ಅಮ್ಮ, ಏನೇ ಆಗಲಿ ಒಂದು ಗೆರೆ ಬರೆಸಿಬಿಡಿ ಎಂದು ಅಂಗಲಾಚಿದಳು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಧನಿಯ ಬಾಯಿಮಾತಿಗಿಂತ ದೊಡ್ಡ ಕಾಗದ ಉಂಟಾ, ಬರೆದು ಕೊಡಿ ಅಂದರೆ ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ, ಅವರ ಮುಖ ಆಮೇಲೆ ಹೇಗೆ ನೋಡುವುದು ಎಂದು ಬೈದರಂತೆ. ಪಾಪ, ಇಡೀ ಕಾರ್ಖಾನೆಯ ಲೆಕ್ಕವನ್ನು ಚುಕ್ಕಿ ತಪ್ಪದ ಹಾಗೆ ಬರೆದಿಡುತ್ತಿದ್ದ ಮನುಷ್ಯ. ತನ್ನ ಸ್ವಂತ ದಾರಿಯನ್ನು ಬರೆಸಿಕೊಳ್ಳಲು ನಾಚಿಕೆಪಟ್ಟರು.

ಇನ್ನೊಬ್ಬರ ಅಂಗಳದಲ್ಲಿ ನಡೆದು ಬದುಕುವುದೆಂದರೆ ಏನೆಂದು ಗೇಟಿನ ಎದುರೇ ರಿಕ್ಷಾ ನಿಲ್ಲಿಸಿಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಅಂಗಳಕ್ಕೆ ಸೆಗಣಿ ಸಾರಿಸಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನಲ್ಲೇ ಹೋಗಬೇಕು. ಮುಸ್ಸಂಜೆ ಅವರು ದೀಪ ಹಚ್ಚುವಾಗ ಅಡ್ಡ ಹಾಯಬಾರದು. ಅವರ ಮನೆಯಲ್ಲಿ ಮೀನು ಮುಟ್ಟದ ದಿನ ನಮ್ಮ ಬೂತಾಯಿ ಚೀಲದ ತಳದಲ್ಲಿ, ಮೇಲೆ ಸೊಪ್ಪು. ಅವರೊಳಗೆ ಜಗಳ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಅವರ ಬಚ್ಚಲ ಹಿಂದೆ ಪುಸ್ತಕ ಅಪ್ಪಿಕೊಂಡು ನಿಲ್ಲಬೇಕು. ಶಾಲೆಯಲ್ಲಿ ತಡವಾದದ್ದಕ್ಕೆ ಕಾರಣ ಕೇಳಿದರೆ ಏನು ಹೇಳುವುದು? ನಮ್ಮ ಮನೆಗೆ ಬರುವ ಪ್ರತಿಯೊಂದು ಸಾಮಾನನ್ನೂ ಮೊದಲು ಆ ಚಾವಡಿ ನೋಡುತ್ತಿತ್ತು. ನಾನು ಲೆಕ್ಕದಲ್ಲಿ ಫೇಲಾದದ್ದು ಅಮ್ಮನಿಗಿಂತ ಮೊದಲು ಅಲ್ಲಿಗೆ ಗೊತ್ತಾಯಿತು, ನನ್ನ ನಡಿಗೆ ನೋಡಿಯೇ.

ಆದರೂ ಅದು ಕೆಟ್ಟ ಕಾಲವಲ್ಲ ಎಂದೇ ಹೇಳಬೇಕು. ಧನಿಯ ತಂಗಿಯನ್ನು ಅಮ್ಮ ಅಕ್ಕ ಎಂದು ಕರೆಯುತ್ತಿದ್ದಳು, ನಮಗೂ ಅವರು ಅಕ್ಕನೇ. ಅಂಗಳ ದಾಟುವಾಗ ಅಮ್ಮನನ್ನು ನಿಲ್ಲಿಸಿ, ಬಾ ಮಾರಾಯ್ತಿ, ಒಂದು ಗಳಿಗೆ ಕೂತುಕೋ ಎಂದು ಎಲೆಯಡಿಕೆ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಗಿದ್ದವರು, ಮಗ ಬೊಂಬಾಯಿಯಲ್ಲಿ. ಮನಸ್ಸು ಬಿಚ್ಚಿ ಮಾತಾಡಲು ಅಮ್ಮನೊಬ್ಬಳೇ ಅವರಿಗೆ ಇದ್ದದ್ದು. ಅವರು ಬಸಳೆ ಕೊಟ್ಟರೆ ಅಮ್ಮ ಹಲಸಿನ ಹಣ್ಣಿನ ಗಟ್ಟಿ ಕೊಡುವಳು. ನನ್ನ ತಂಗಿ ಹುಟ್ಟಿದ ದಿನ ಅಮ್ಮನ ಕೈ ಹಿಡಿದು ಕೂತಿದ್ದವರು ಅವರೇ.

ಎಂಬತ್ತರ ದಶಕ ಹುಟ್ಟಿ ಸ್ವಲ್ಪದರಲ್ಲೇ ಧನಿ ತೀರಿಕೊಂಡರು. ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುವ ಕುಟುಂಬ ಅದು. ಯಜಮಾನಿಕೆ ಅಕ್ಕನ ಮಗನಿಗೆ ಬಂತು. ಬೊಂಬಾಯಿಯ ಹೋಟೆಲನ್ನು ಪಾಲುದಾರರಿಗೆ ಬಿಟ್ಟು ಅವನು ಹೆಂಡತಿ ಮಕ್ಕಳ ಜೊತೆ ಬಂದ. ಕೆಟ್ಟವನಲ್ಲ, ಮಾತು ಬೆಣ್ಣೆ. ಹಳೆಯ ಧನಿ ಸಾಯುವವರೆಗೂ ಅಪ್ಪನನ್ನು ನೀನು ಅಂದವರು, ಅಂಗಳ ಕೊಟ್ಟರು. ಇವನು ನೀವು ಎನ್ನುತ್ತಲೇ ಮೊದಲು ಗೇಟು ಇಟ್ಟ, ಆಮೇಲೆ ಗೇಟಿಗೊಂದು ನಾಯಿ ಕಟ್ಟಿದ, ಒಂದು ದಿನ ಅಪ್ಪನನ್ನು ಚಾವಡಿಗೆ ಕರೆಸಿ ಕಾಫಿ ಕೊಟ್ಟು ಪಾಗಾರದ ವಿಷಯ ತೆಗೆದ. ನಮ್ಮ ಎರಡು ಜಾಗದ ನಡುವೆ ಕೆಂಪುಕಲ್ಲಿನ ಗೋಡೆ ಕಟ್ಟಿಸುತ್ತಾನಂತೆ, ಹೆಂಡತಿಗೆ ಹೊರಗಿನವರು ಓಡಾಡುವುದು ಸರಿ ಬರುವುದಿಲ್ಲವಂತೆ, ಮಳೆಗಾಲ ಕಳೆಯುವವರೆಗೆ ಸಮಯ ಉಂಟು, ಅಷ್ಟರಲ್ಲಿ ನೀವು ಹಿಂದಿನಿಂದ ಏನಾದರೂ ದಾರಿ ಮಾಡಿಕೊಳ್ಳಿ ಎಂದ. ಕಾಗದದಲ್ಲಿ ದಾರಿ ಬರೆದಿಲ್ಲ ಎಂಬುದನ್ನೂ ಮೆಲ್ಲಗೆ ಹೇಳಿದ.

ಅಪ್ಪ ಮನೆಗೆ ಬಂದು ಊಟ ಮಾಡಿದರು. ಊಟ ಮಾಡುತ್ತಲೇ, ಹುಡುಗ ಹೊಸಬ, ಗೊತ್ತಿಲ್ಲದೆ ಹೇಳ್ತಾನೆ, ಧನಿಯ ಮನೆಯವರು ಹಾಗೆಲ್ಲ ಮಾಡುವವರಲ್ಲ, ಕೊಡ್ತಾರೆ ಎಂದರು. ಆಮೇಲೆ ವರ್ಷಗಟ್ಟಲೆ ನಾವು ಕೇಳಿದ್ದು ಅದೊಂದೇ ಮಾತು.

ಅಮ್ಮನೇ ನನ್ನನ್ನು ಕರೆದುಕೊಂಡು ವಕೀಲರ ಹತ್ತಿರ ಹೋದಳು. ಬಾಯಿಮಾತು ಕೊಟ್ಟದ್ದನ್ನು ಕಂಡು ಕೇಳಿದವರು ಯಾರಾದರೂ ಇದ್ದಾರಾ ಎಂದು ಅವರು ಕೇಳಿದರು. ಇದ್ದದ್ದು ಒಬ್ಬರೇ, ಅಂದು ಬಾಗಿಲ ಬಳಿ ನಿಂತಿದ್ದ ಅಕ್ಕ. ಅಮ್ಮ ಆ ಸಂಜೆಯೇ ಅವರ ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ಕೇಳಿದಳು. ಅಕ್ಕ ಕಣ್ಣೀರು ಹಾಕಿದರು. ಅಣ್ಣ ಹೇಳಿದ್ದು ನನ್ನ ಕಿವಿಯಲ್ಲೇ ಉಂಟು, ಯಾರ ಎದುರು ಬೇಕಾದರೂ ಹೇಳ್ತೇನೆ, ನೀನು ಹೆದರಬೇಡ ಎಂದರು. ಅಮ್ಮ ಹಗುರಾಗಿ ಮನೆಗೆ ಬಂದು, ಆ ರಾತ್ರಿ ಪಾಯಸ ಮಾಡಿದಳು.

ಕೋರ್ಟಿಗೆ ಹೋಗಲು ಅಪ್ಪ ಕಡೆಗೂ ಒಪ್ಪಲಿಲ್ಲ. ಧನಿಯ ಮನೆಯ ಮೇಲೆ ಕೇಸು ಹಾಕಿ ಯಾವ ನರಕಕ್ಕೆ ಹೋಗುವುದು ಎಂದರು. ಕೊನೆಗೆ ಬೀದಿಯ ಇಬ್ಬರು ಹಿರಿಯರು ಚಾವಡಿಯಲ್ಲಿ ಪಂಚಾತಿಗೆಗೆ ಕೂತರು. ನಾನು ಅಮ್ಮನ ಪಕ್ಕ ನಿಂತಿದ್ದೆ. ಹಿರಿಯರಲ್ಲೊಬ್ಬರು ಅಕ್ಕನನ್ನು ಕರೆದು, ನಿಮ್ಮ ಅಣ್ಣ ಇವರಿಗೆ ದಾರಿ ಕೊಡುತ್ತೇನೆ ಎಂದದ್ದು ಹೌದಾ ಎಂದು ಕೇಳಿದರು. ಅಕ್ಕ ಸೆರಗು ಎಳೆದುಕೊಂಡು ಮಗನ ಕಡೆ ನೋಡಿದರು. ಅವನು ಹೆದರಿಸಲಿಲ್ಲ, ಗದರಿಸಲಿಲ್ಲ, ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ.

"ನನಗೆ ನೆನಪಿಲ್ಲ," ಎಂದರು ಅಕ್ಕ. "ಪ್ರಾಯ ಆಯ್ತಲ್ಲ."

ಅಮ್ಮ ಸೀದಾ ಹೊರಟಳು. ಮನೆಗೆ ಬಂದು ಮೀನು ಕೊಯ್ಯಲು ಕೂತಳು. ಮಗನ ಅನ್ನ ಉಣ್ಣುವ ಹೆಂಗಸಿಗೆ ಮತ್ತೆಂತ ಹೇಳಲಿಕ್ಕಾಗುತ್ತದೆ, ನಾನಾದರೂ ಹಾಗೆಯೇ ಹೇಳುತ್ತಿದ್ದೆನೋ ಏನೋ ಎಂದು ಸುಮಾರು ಹೊತ್ತಿನ ಮೇಲೆ ತನ್ನಷ್ಟಕ್ಕೆ ಹೇಳಿಕೊಂಡಳು. ನನಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. ಆ ಮುದುಕಿಯನ್ನು ನಾನು ಮನಸಾರೆ ಶಪಿಸಿದೆ.

ಪಾಗಾರ ಎದ್ದಿತು, ನನ್ನ ತಲೆಗಿಂತ ಎತ್ತರಕ್ಕೆ. ನಾವು ಹಿಂದಿನ ತೋಡಿಗೆ ಒಂದು ತೆಂಗಿನ ಮರದ ಸಂಕ ಹಾಕಿ, ಆಚೆ ದಡದ ಕೆಸುವಿನ ಪೊದೆ ಸವರಿ, ಸುತ್ತು ಬಳಸಿ ರಸ್ತೆ ಸೇರತೊಡಗಿದೆವು. ಬೇಸಿಗೆಯಲ್ಲಿ ನಾತ, ಮಳೆಗಾಲದಲ್ಲಿ ಸಂಕದ ಮೇಲೇ ನೀರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಲ್ಲಿ ಹುಡುಗನ ಮಾವ ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ಒಂದೇ ಕಾಲಿನ ಚಪ್ಪಲಿಯಲ್ಲಿ ನಮ್ಮ ಜಗಲಿ ಹತ್ತಿದ. ನನಗೆ ನಗು ತಡೆಯಲಾಗಲಿಲ್ಲ. ಆ ಸಂಬಂಧ ಅಲ್ಲಿಗೇ ಮುಗಿಯಿತು, ಅದರ ನಂತರದ್ದೂ. ದಾರಿ ಇಲ್ಲದ ಮನೆಯ ಹೆಣ್ಣು ಎಂದು ದಲ್ಲಾಳಿಯೇ ಹೇಳುತ್ತಿದ್ದನಂತೆ. ನಗು ಆಮೇಲೆ ಬರಲಿಲ್ಲ.

ಗೋಡೆಯಾಚೆಯಿಂದ ಅಕ್ಕ ಆಗಾಗ ಕೂಗುತ್ತಿದ್ದರು, ಬಸಳೆ ಬೇಕಾ ಎಂದು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಬೇಡ ಅಕ್ಕ, ಉಂಟು ಎಂದು ಅಮ್ಮ ಬಟ್ಟೆ ಒಗೆಯುತ್ತಲೇ ಹೇಳುವಳು. ಉಂಟು ಎಂಬುದು ಸುಳ್ಳು.

ಅಪ್ಪ ಮಾತ್ರ ಬದಲಾಗಲಿಲ್ಲ. ಸಂಕ ದಾಟಿ ಒದ್ದೆ ಕಾಲಲ್ಲಿ ಕೆಲಸಕ್ಕೆ ಹೋಗುವರು, ಒದ್ದೆ ಕಾಲಲ್ಲಿ ಬರುವರು, ಇದೆಲ್ಲ ಸ್ವಲ್ಪ ದಿನಕ್ಕೆ ಎನ್ನುವರು. ಒಂದು ಆಟಿ ತಿಂಗಳ ಜಡಿಮಳೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ತೋಡು ಉಕ್ಕಿ ಹರಿಯುತ್ತಿತ್ತು, ಸಂಕ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಅಮ್ಮ ಪಾಗಾರಕ್ಕೆ ಕೈ ಬಡಿದು ಕೂಗಿದಳು. ಮೊದಲು ಓಡಿ ಬಂದವನು ಅಕ್ಕನ ಮಗನೇ. ಏಣಿ ತಂದ, ಜನ ಕರೆದ. ಅಪ್ಪನನ್ನು ಚಾಪೆಯಲ್ಲಿ ಸುತ್ತಿ, ಮಳೆಯಲ್ಲಿ, ಪಾಗಾರದ ಮೇಲಿನಿಂದ ಈ ಕಡೆಯವರು ಆ ಕಡೆಯವರಿಗೆ ದಾಟಿಸಿದರು. ತಲೆ ಜಾಗ್ರತೆ ಎಂದು ಹೇಳುತ್ತಾ ಆಚೆಯಿಂದ ಎತ್ತಿಕೊಂಡವನೂ ಅವನೇ. ತನ್ನ ಕಾರಿನಲ್ಲೇ ಫಳ್ನೀರಿನ ಆಸ್ಪತ್ರೆಗೆ ಒಯ್ದ, ಸಂಜೆಯವರೆಗೆ ನಮ್ಮ ಜೊತೆ ಕೂತ.

ಆಸ್ಪತ್ರೆಯ ಜಗಲಿಯಲ್ಲಿ ಅಮ್ಮ ಅವನಿಗೆ ಕೈ ಮುಗಿದಳು. ಹಿಂದೆ ಹಳ್ಳಿಯಲ್ಲಿದ್ದಾಗ, ಅವನು ಚಡ್ಡಿಯಲ್ಲಿ ಓಡಾಡುವಾಗ, ಅವನ ಮೂಗು ಒರೆಸಿದವಳು.

"ಗೋಡೆ ಇರಲಿ ಮಗಾ," ಎಂದಳು. "ಒಬ್ಬರು ಹೋಗುವಷ್ಟು ಒಂದು ಬಾಗಿಲು. ಇವರಿರುವವರೆಗೆ ಸಾಕು."

ಅವನ ಕಣ್ಣೂ ತುಂಬಿತ್ತು, ಸುಳ್ಳು ಹೇಳುವುದಿಲ್ಲ. "ನೋಡುವ," ಎಂದ.

ನಮ್ಮ ಊರಲ್ಲಿ ನೋಡುವ ಅಂದರೆ ಇಲ್ಲ ಎಂದು ಅರ್ಥ. ಅಪ್ಪನನ್ನು ವಾಪಸು ತಂದಾಗಲೂ ಪಾಗಾರದ ಮೇಲಿನಿಂದಲೇ ಇಳಿಸಿದರು. ಆಮೇಲೆ ಅವರು ಮನೆ ಬಿಟ್ಟು ಹೊರಗೆ ಕಾಲಿಡಲಿಲ್ಲ. ಬಲಗೈ ಬಲಗಾಲು ಹೋಗಿತ್ತು, ಮಾತು ತೊದಲುತ್ತಿತ್ತು, ಹೇಳಿದ್ದು ಕೆಲವು ತಲೆಯಲ್ಲಿ ನಿಲ್ಲುತ್ತಿತ್ತು, ಕೆಲವು ಇಲ್ಲ. ಅಕ್ಕ ತೀರಿಕೊಂಡದ್ದನ್ನು ಹೇಳಿದ ಮರುದಿನವೇ ಅಕ್ಕ ಹೇಗಿದ್ದಾರೆ ಎಂದು ಕೇಳಿದರು. ಅಮ್ಮ ಆ ಸಾವಿಗೆ ತೋಡು ದಾಟಿ, ಊರು ಸುತ್ತಿ, ಎದುರಿನ ಗೇಟಿನಿಂದ ಹೋಗಿ ಬಂದಿದ್ದಳು. ಅತ್ತು ಅತ್ತು ಅವಳ ಮುಖ ಬಾತಿತ್ತು.

ಕಾರ್ಖಾನೆಯಿಂದ ಬಂದ ದುಡ್ಡು ಅಪ್ಪನ ಔಷಧಿಗೆ ಕರಗಿತು. ಮನೆ ಮಾರುವುದೆಂದಾಯಿತು. ನೋಡಲು ಬಂದವರೆಲ್ಲ ಸಂಕದ ಮೇಲೆ ನಿಂತೇ ತಿರುಗಿ ಹೋದರು. ದಾರಿ ಇಲ್ಲದ ಜಾಗವನ್ನು ಊರಿಡೀ ಹುಡುಕಿದರೂ ಒಬ್ಬನೇ ಕೊಳ್ಳಬಹುದು, ಮುಂದಿನ ಜಾಗ ಇರುವವನು. ಅವನಿಗೂ ಅದು ಗೊತ್ತಿತ್ತು, ನಮಗೂ ಗೊತ್ತಿತ್ತು. ಎರಡೂ ಜಾಗ ಸೇರಿಸಿ ಫ್ಲ್ಯಾಟು ಕಟ್ಟಿಸುತ್ತಾನೆ ಎಂದು ಬೀದಿಯಲ್ಲಿ ಮಾತಿತ್ತು. ಅವನು ಹೇಳಿದ ಕ್ರಯಕ್ಕೆ ಅಮ್ಮ ಹೂಂ ಎಂದಳು. ಅಪ್ಪ ಎಡಗೈಯ ಹೆಬ್ಬೆಟ್ಟು ಒತ್ತಿದರು. ಏನೆಂದು ವಿವರಿಸಿ ಹೇಳಿದ್ದೆವು, ಆಗ ತಲೆಯನ್ನೂ ಆಡಿಸಿದ್ದರು.

ಸುರತ್ಕಲ್ಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ ಪಾಗಾರದ ಆಚೆ ದಡ್ ದಡ್ ಎಂದು ಸದ್ದು. ನೋಡಿದರೆ ಅವನ ಆಳುಗಳು ಕಲ್ಲು ಕಿತ್ತು ಹಾಕುತ್ತಿದ್ದರು. ನಿಮ್ಮ ಸಾಮಾನಿನ ಲಾರಿ ಅಂಗಳದವರೆಗೆ ಬರಲಿ, ತೋಡಿನಲ್ಲಿ ಎಂತಕ್ಕೆ ಕಷ್ಟ ಎಂದು ಅವನೇ ಹೇಳಿ ಕಳುಹಿಸಿದ್ದನಂತೆ. ಈಗ ಗೋಡೆಯ ಎರಡೂ ಕಡೆ ಅವನದ್ದೇ ಅಲ್ಲವಾ. ಮಧ್ಯಾಹ್ನದ ಒಳಗೆ ಒಂದು ಲಾರಿ ಹಿಡಿಸುವಷ್ಟು ದಾರಿ ಬಿಡಿಸಿದರು.

ಪಾತ್ರೆ, ಮಂಚ, ಕಪಾಟು ಎಲ್ಲ ಹೋದ ಮೇಲೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತರು. ಅಮ್ಮ ಒಂದು ಬದಿ, ನಾನು ಇನ್ನೊಂದು ಬದಿ. ಗೋಡೆ ಒಡೆದ ಜಾಗಕ್ಕೆ ಬಂದಾಗ ಅಪ್ಪ ಎಡಗೈ ಎತ್ತಿ ನಿಲ್ಲಿಸಿದರು. ಆ ಕಡೆ ಈ ಕಡೆ ನೋಡಿದರು. ಧನಿಯ ಅಂಗಳ ರಸ್ತೆಯವರೆಗೆ ಬಯಲಾಗಿ ಕಾಣುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ನೋಡು, ಕೊಟ್ಟರಲ್ಲ," ಎಂದರು ಅಮ್ಮನಿಗೆ, ತೊದಲುತ್ತಾ. "ನಾನು ಹೇಳಿರಲಿಲ್ಲವಾ?"

ಅಮ್ಮ ಅವರ ಹೆಗಲ ಮೇಲಿನ ಬೈರಾಸು ಸರಿ ಮಾಡಿದಳು.

"ಹೌದು, ಕೊಟ್ಟರು," ಎಂದಳು.

"ಹಾಗಾದರೆ ಸಾಕು. ಇನ್ನು ಮನೆಗೆ ಹೋಗುವ," ಎಂದರು ಅಪ್ಪ, ಹಿಂದಕ್ಕೆ ಕೈ ತೋರಿಸುತ್ತಾ.

ಹೊತ್ತವರು ನಮ್ಮ ಮುಖ ನೋಡಿದರು. ಅಮ್ಮ ರಸ್ತೆಯ ಕಡೆಗೆ ಸನ್ನೆ ಮಾಡಿದಳು.