ಬೆವರದ ಅಂಗೈಯಗಲ

ಮಳವಳ್ಳಿಯಿಂದ ಮದ್ದೂರು ಹಾದು ಮಂಡ್ಯದವರೆಗೆ ನನ್ನ ಕುದುರೆಯ ಮೇಲೆ ಬಂದಿಳಿದಾಗ ನನ್ನ ಎದೆ ಎರಡಿಂಚು ಉಬ್ಬಿತ್ತು. ಕಾಲುಗಳು ಮಾತ್ರ ಒಂದನ್ನೊಂದು ಸೇರಲು ಒಪ್ಪುತ್ತಿರಲಿಲ್ಲ. ಹಿಂದೆ ಜಟಕಾ ಓಡಿಸುತ್ತಿದ್ದು, ಈಗ ಲಾಳ ಕಟ್ಟುವ ಸಾಬರು ಕುದುರೆಯನ್ನು ನೆರಳಲ್ಲಿ ನಿಧಾನವಾಗಿ ಅಡ್ಡಾಡಿಸಿ, ನೀರು ಕುಡಿಸಿ, ಜೀನು ಬಿಚ್ಚಿದರು. ಬೆನ್ನೆಲ್ಲ ಬೆವರಿನಿಂದ ತೊಯ್ದಿತ್ತು. ಎಡಗಡೆ ಅಂಗೈಯಗಲ ಜಾಗ ಮಾತ್ರ ಒಣಗಿತ್ತು.

"ನೋಡಿ ಸಾಬರೇ, ಹೇಗೆ ಪಳಗಿಸಿದ್ದೀನಿ! ಇಲ್ಲಿ ಬೆವರೇ ಬಂದಿಲ್ಲ," ಎಂದೆ.

ಅವರು ಆ ಜಾಗವನ್ನು ಬೆರಳಿನಿಂದ ಒತ್ತಿದರು. ಕುದುರೆ ಬೆನ್ನು ತಗ್ಗಿಸಿ ಪಕ್ಕಕ್ಕೆ ಸರಿಯಿತು.

"ಕುದುರೆಯೇನೋ ಗಟ್ಟಿಮುಟ್ಟಾಗೈತೆ ಮೇಷ್ಟ್ರೇ. ನೀವು ಅಮುಕಿರೋ ಜಾಗ್ದಲ್ಲಿ ಬೆವರು ಎಂಗ್ ಬಂದಾತು? ದಾರಿ ಪೂರ್ತಿ ಎಡಕ್ಕೇ ವಾಲ್ಕೊಂಡು ಕುಂತಿದ್ದೀರ. ಈ ನೋವು ವಾಸಿಯಾಗೋ ಗಂಟ ಜೀನು ಆಕ್ಬೇಡಿ."

ನನಗೆ ರೇಗಿತು. ದಿನಬೆಳಗಾದರೆ ಮಕ್ಕಳಿಗೆ ನೆಟ್ಟಗೆ ಕೂರಿ ಎಂದು ಗದರುವ ನನಗೆ ಈ ಮಾತೇ? ದಾರಿಯುದ್ದಕ್ಕೂ ಎಡಗೈ ಚಾಚಿ ನನ್ನನ್ನು ನಾನೇ ತೆಗೆದುಕೊಂಡಿದ್ದ ಮೊಬೈಲ್ ವಿಡಿಯೊವನ್ನು ಸಾಕ್ಷಿಗೆಂದು ಅವರ ಮುಂದೆ ಹಿಡಿದೆ.

ಅದರಲ್ಲಿ ನಾನೇನೋ ನೆಟ್ಟಗಿದ್ದೆ. ಮದ್ದೂರಿನ ತೆಂಗಿನ ಮರಗಳೆಲ್ಲ ವಾಲಿದ್ದವು.