ಮನೆಯೊಳಗೆ ಸಿಗುವ ಫೋನು

ನಮ್ಮೂರಿನಲ್ಲಿ ಫೋನು ಅಂದರೆ ಅರಳಿಕಟ್ಟೆ. ಹನೂರು ಕಡೆಯ ಅಜ್ಜೀಪುರದಿಂದ ಒಳಕ್ಕೆ, ಗುಡ್ಡದ ಮಗ್ಗುಲಲ್ಲಿರುವ ಊರು ನಮ್ಮದು. ಮನೆಯೊಳಗೆ ರಿಂಗೇನೋ ಆಗುತ್ತದೆ, ಎತ್ತಿದರೆ ಮಾತು ತುಂಡು ತುಂಡು. ಒಂದೊಂದು ದಿನ ಗುಡ್ಡದಾಚೆಯ ಟವರ್ ಹಿಡಿದು, ತಮಿಳುನಾಡಿಗೆ ಸ್ವಾಗತ ಎಂದು ಮೆಸೇಜು ಬರುತ್ತದೆ. ಹಾಗಾಗಿ ಫೋನು ಬಂದ ತಕ್ಷಣ ಸಿಗ್ನಲ್ ಸಿಗುವ ಕಟ್ಟೆಗೆ ಓಡಬೇಕು. ಕಟ್ಟೆಯ ಮೇಲೆ ಗಂಡಸರು ಬೆಳಗಿನಿಂದ ಕೂತಿರುತ್ತಾರೆ. ನಾವು ಹೆಂಗಸರು ಬಂದರೆ ಮಾತು ನಿಲ್ಲಿಸುತ್ತಾರೆ. ಗೌರವಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ.

ನನ್ನ ತಂಗಿಯನ್ನು ಯಳಂದೂರು ಕಡೆಗೆ ಕೊಟ್ಟಿದೆ. ಗಂಡ ಅವಳ ಮೇಲೆ ಕೈ ಮಾಡುತ್ತಿದ್ದ. ಒಮ್ಮೆ ಅಳುತ್ತಾ ಫೋನು ಮಾಡಿದಳು. ನಾನು ಕಟ್ಟೆಯ ಮೇಲೆ ನಿಂತೇ, "ಅಲ್ಲಿರ್ಬ್ಯಾಡ ಕನಮ್ಮಿ, ಬಂದ್ಬುಡು" ಅಂದೆ. ಸಂಜೆಯಾಗುವಷ್ಟರಲ್ಲಿ ಆ ಮಾತು ಕಟ್ಟೆಯಿಂದ ಯಾರದೋ ನೆಂಟರ ಬಾಯಿಗೆ ಬಿದ್ದು ಅವಳ ಅತ್ತೆಯ ಕಿವಿ ಮುಟ್ಟಿತ್ತು. ಅವತ್ತು ಅವಳಿಗೆ ಇನ್ನಷ್ಟು ಏಟು ಬಿತ್ತು. ಕಟ್ಟೆಯ ಮೇಲೆ ಬಾಯಿಬಿಟ್ಟದ್ದು ನನ್ನದೇ ತಪ್ಪು ಎಂದು ಊರಿನವರೆಲ್ಲ ಅಂದರು. ತಪ್ಪು ನನ್ನದಲ್ಲ ಎಂದು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಆದರೆ ಆಮೇಲೆ ಅವಳು ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಚೆಂದಾಗಿವ್ನಿ ಕನಕ್ಕ." ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ನಾನು ರೇಷ್ಮೆ ಹುಳು ಸಾಕುತ್ತೇನೆ. ನಮ್ಮ ಹಿತ್ತಿಲಲ್ಲಿ ಒಂದು ಹುಳುಮನೆ ಇದೆ. ಬೀಡಿ ಹೊಗೆ ತಾಕಿದರೆ ಹುಳು ಕೆಡುತ್ತದೆ, ಆದ್ದರಿಂದ ಬೀಡಿ ಸೇದುವವರು ಯಾರೂ ಅದರ ಹೊಸಿಲು ತುಳಿಯುವಂತಿಲ್ಲ. ಅಂದರೆ ಊರಿನ ಅಷ್ಟೂ ಗಂಡಸರು ಹೊರಗೆ. ಆ ಹುಳುಮನೆಯೊಳಗೆ ಮಾತು ಸರಿಯಾಗಿ ಕೇಳುವಂಥ ಫೋನು ತೆಗೆದುಕೊಳ್ಳಬೇಕು, ಅಲ್ಲಿ ನಿಂತು ತಂಗಿಯ ಬಾಯಿ ಬಿಡಿಸಬೇಕು ಎಂದು ತೀರ್ಮಾನ ಮಾಡಿದೆ. ಆ ಸಲದ ರೇಷ್ಮೆಗೂಡನ್ನು ಕೊಳ್ಳೇಗಾಲದಲ್ಲಿ ಮಾರಿದ ದಿನವೇ ಅಲ್ಲಿನ ಒಂದು ದೊಡ್ಡ ಫೋನಂಗಡಿಗೆ ಹೋದೆ. ಫೋನಿನ ವಿಷಯ ತನಗೆ ಗೊತ್ತು ಎಂದು ನನ್ನ ಮೈದುನನೂ ಜೊತೆಗೆ ಬಂದಿದ್ದ.

ಅಂಗಡಿಯವನು ಒಂದು ವೀಡಿಯೊ ಹಾಕಿ ತೋರಿಸಿದ. ಒತ್ತುವ ಮೊದಲೇ ಓಡಿತು.

"ಫೈವ್ ಜಿ ಅಕ್ಕ. ಸ್ಪೀಡ್ ನೋಡಿ."

"ನಮ್ಮೂರಲ್ಲಿ ಬತ್ತದ?"

"ಮುಂದಕ್ಕೆ ಬತ್ತದೆ."

"ಮುಂದಕ್ಕೆ ಬರೋದ್ನ ಮುಂದಕ್ಕೇ ತಕ್ಕತೀನಿ."

ಅವನು ಕ್ಯಾಮೆರಾಗೆ ಬಂದ. ಇದರಲ್ಲಿ ಚಂದ್ರನ ಫೋಟೊ ಕೂಡ ಚೆನ್ನಾಗಿ ಬರುತ್ತದೆಯಂತೆ. "ಚಂದ್ರ ನಮ್ಮೂರ್ಗೆ ತಪ್ದೇ ಬತ್ತನೆ ಕಣಪ್ಪ, ಸಿಗ್ನಲ್ಲೇ ಬರಾಕಿಲ್ಲ. ಗೋಡೆ ಒಳಗೆ ನಿಂತ್ರೆ ಮಾತು ಕೇಳ್ತದಾ, ಅದ್ನೇಳು" ಅಂದೆ. ಅವನು ನಕ್ಕ. ಅದು ಟವರಿಗೆ ಸಂಬಂಧಪಟ್ಟದ್ದು, ಫೋನಿಗಲ್ಲ ಎಂದ. ಮೈದುನನೂ ತಲೆಯಾಡಿಸಿದ. ನಾನು ನಂಬದೆ ಎದ್ದು ಬಂದೆ. ಯಾಕೆಂದರೆ ಊರಿಗೆ ಲಸಿಕೆ ಹಾಕಲು ಬರುವ ನರ್ಸಮ್ಮನ ಸಿಮ್ಮೂ ನನ್ನದೂ ಒಂದೇ ಕಂಪನಿಯದು. ಅವರು ನಮ್ಮ ನಡುಮನೆಯಲ್ಲಿ ಕೂತು ಆರಾಮಾಗಿ ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಟವರ್ ಅವರಿಗೊಂದು, ನನಗೊಂದು ಇದೆಯೇನು? ದಾರಿಯುದ್ದಕ್ಕೂ ಮೈದುನ ಮುಖ ಊದಿಸಿಕೊಂಡಿದ್ದ. "ಅಷ್ಟು ಜನದೆದ್ರು ಮಾನ ಕಳೆದ್ಬುಟ್ರಿ ಅತ್ಗೆ" ಅಂದ.

ಹನೂರಿನಲ್ಲಿ ಇಳಿದು, ರೀಚಾರ್ಜ್ ಮಾಡಿಸುವ ಸಣ್ಣ ಅಂಗಡಿಗೆ ಹೋದೆ. ಅವನು ಮಾತ್ರ ಸರಿಯಾಗಿ ಕೇಳಿಸಿಕೊಂಡ. ಸಿಗ್ನಲ್ಲಿನ ಅಲೆಗೆ ಬ್ಯಾಂಡ್ ಅಂತಾರೆ, ದೂರಕ್ಕೆ ಹೋಗಿ ಗೋಡೆ ದಾಟುವ ಬ್ಯಾಂಡ್ ಬೇರೆ, ಸ್ಪೀಡ್ ಕೊಡುವ ಬ್ಯಾಂಡ್ ಬೇರೆ, ಎಲ್ಲ ಫೋನೂ ಎಲ್ಲವನ್ನೂ ಒಂದೇ ಸಮ ಹಿಡಿಯುವುದಿಲ್ಲ ಅಂದ. ಒಂದು ಸಾಧಾರಣ ಫೋನನ್ನು ಮುಂದಿಟ್ಟ. ಕ್ಯಾಮೆರಾ ಅಷ್ಟಕ್ಕಷ್ಟೆ.

"ಇದು ಹಿಡೀಬೌದು. ಗ್ಯಾರಂಟಿ ಕೊಡಾಕಾಗಲ್ಲ ಕಣಮ್ಮ."

"ಎತ್ತು ತಕ್ಕಳ್ವಾಗ ನೊಗ ಕಟ್ಟಿ, ಒಂದ್ಸಾಲು ಉತ್ತು ನೋಡಿ ತಕ್ಕತೀವಿ. ಇದ್ನೂ ಅಂಗೇ ನೋಡ್ಬೇಕು, ನಮ್ಮನೇಲಿ."

"ತಕ್ಕಂಡೋಗಿ ವಾಪಸ್ ಬರ್ದಿದ್ರೆ?"

"ಇವನ್ನ ಒತ್ತೆ ಮಡಿಕಳಿ" ಎಂದು ಮೈದುನನನ್ನು ತೋರಿಸಿದೆ. ಮೈದುನ ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನು ನಗುತ್ತಾ ಸ್ಟೂಲು ಎಳೆದು ಹಾಕಿದ. ತೋರಿಸಲು ಇಟ್ಟಿದ್ದ ಅದೇ ಮಾದರಿಯ ಫೋನಿಗೆ ನನ್ನ ಸಿಮ್ಮು ಹಾಕಿಸಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದವಳೇ ಕೈಕಾಲು ತೊಳೆದು ಹುಳುಮನೆ ಹೊಕ್ಕೆ. ಬಾಗಿಲು ಹಾಕಿ, ಹುಳು ಸಾಕುವ ತಟ್ಟೆಗಳ ನಡುವೆ ನಿಂತು ಮೈದುನನಿಗೆ ಫೋನು ಮಾಡಿದೆ. ಅವನ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ: "ಕೇಳ್ತದೆ ಅತ್ಗೆ, ಚೆಂದಾಗಿ ಕೇಳ್ತದೆ, ಬಿರ್ರನೆ ಬಂದು ಬುಡಿಸ್ಕಳಿ." ಮುಂದಿನ ಬಸ್ಸಿಗೇ ಹೋಗಿ ಅಂಥದ್ದೇ ಹೊಸ ಫೋನು ಕೊಂಡು, ಅವನನ್ನೂ ಬಿಡಿಸಿಕೊಂಡು ಬಂದೆ. ನನ್ನ ಬೆರಳಿಟ್ಟರೆ ಮಾತ್ರ ತೆರೆಯುವ ಬೀಗವನ್ನೂ ಕೇಳಿ ಹಾಕಿಸಿದ್ದೆ. ಅವತ್ತು ನಾನು ಗೆದ್ದೆ ಅಂದುಕೊಂಡಿದ್ದೆ.

ಮಾರನೆಯ ಬೆಳಗ್ಗೆ ಖಾಲಿ ತಟ್ಟೆಗಳನ್ನು ತೊಳೆದಿಟ್ಟು, ಹುಳುಮನೆಯಿಂದಲೇ ತಂಗಿಗೆ ಫೋನು ಮಾಡಿದೆ. "ಈಗೇಳು. ಇಲ್ಲಿ ಒಂದು ನರಪಿಳ್ಳೆ ಇಲ್ಲ."

"ಚೆಂದಾಗಿವ್ನಿ ಕನಕ್ಕ."

ಹಿಂದೆ ಅವಳ ಅತ್ತೆ ಕೆಮ್ಮಿದ್ದು ಕೇಳಿಸಿತು. ಅವಳ ಮನೆಯಲ್ಲೂ ಒಳಗೆ ಸಿಗ್ನಲ್ ಇಲ್ಲ, ಅಂಗಳಕ್ಕೇ ಬರಬೇಕು, ಅಂಗಳದ ಜಗಲಿಯಲ್ಲಿ ಅತ್ತೆ ಕೂತಿರುತ್ತಾರೆ. ಇಷ್ಟೆಲ್ಲ ಹಾರಾಡಿದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಮರೆ ಬೇಕಿದ್ದದ್ದು ನನ್ನ ಕಿವಿಗಲ್ಲ, ಅವಳ ಬಾಯಿಗೆ.

ಅವಳಿಗೇ ಈ ಫೋನು ಕೊಡುತ್ತೇನೆ ಎಂದಾಗ ಮೈದುನ ಕೂಗಾಡಿದ. "ಒಸಾ ಫೋನ್ ಕನತ್ಗೆ! ನಾನು ಒತ್ತೆ ಕೂತಿದ್ದು ಇದ್ಕಾ?" "ಊಂ, ಇದ್ಕೇಯ" ಅಂದೆ. ನನ್ನ ಗಂಡ ಅಡ್ಡ ಬರಲಿಲ್ಲ. ಹುಳು ನಿನ್ನದು, ದುಡ್ಡು ನಿನ್ನದು ಅಂದರು. ನನ್ನ ಸಿಮ್ಮನ್ನು ಗಾಜು ಒಡೆದ ಹಳೆಯ ಫೋನಿಗೇ ಹಾಕಿಕೊಂಡೆ, ಹೊಸದಕ್ಕೆ ಬೇರೆ ಸಿಮ್ಮು ಕೊಂಡು ಯಳಂದೂರಿಗೆ ಹೊರಟೆ.

ತಂಗಿಯ ಅತ್ತೆಗೆ ಹಣ್ಣು, ಹೂವು, ನಗುಮುಖ ಎಲ್ಲ ಕೊಟ್ಟೆ. ಆಮೇಲೆ ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದು ಮನೆಯೆಲ್ಲ ಅಡ್ಡಾಡಿದೆ. ಅಡುಗೆಮನೆಯಲ್ಲಿ ಏನೂ ಇಲ್ಲ. ಅತ್ತೆ ಮಲಗುವ ಕೋಣೆಯಲ್ಲಿ ಭರ್ತಿ. ಕೊನೆಗೆ ಹಿತ್ತಿಲ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿ ನೋಡಿದರೆ, ಅಲ್ಲಿ ಮಾತಿಗೆ ಸಾಕಾಗುವಷ್ಟು ಸಿಗ್ನಲ್ ಇತ್ತು. ಹೆಂಗಸಿನ ಹಿಂದೆ ಯಾರೂ ಬಾರದ ಜಾಗ ಅದೊಂದೇ.

ತಂಗಿಯನ್ನು ಅಲ್ಲಿಗೇ ಕರೆದೆ. ಅವಳ ಬೆರಳಿಟ್ಟರೆ ಫೋನು ಒಪ್ಪಲೇ ಇಲ್ಲ. ಕಳೆ ಕಿತ್ತು, ಪಾತ್ರೆ ಉಜ್ಜಿ ಗೆರೆಗಳೇ ಸವೆದುಹೋಗಿದ್ದವು. ಒಂದೊಂದೇ ಬೆರಳು ಇಟ್ಟು ನೋಡಿದೆವು. ಕೊನೆಗೆ ಎಡಗೈಯ ಕಿರುಬೆರಳಿಗೆ ತೆರೆದುಕೊಂಡಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನ್ನ ಬೆರಳಿನ ಗುರುತನ್ನು ನಾನೇ ಅಳಿಸಿದೆ. ಫೋನನ್ನು ಸೌದೆಯ ಹಿಂದೆ ಬಚ್ಚಿಟ್ಟೆವು.

ಅಂದಿನಿಂದ ಅವಳು ನೀರು ಕಾಯಿಸುವ ಹೊತ್ತಿಗೆ ನನಗೆ ಫೋನು ಬರುತ್ತಿತ್ತು. ನಾನು ಕಟ್ಟೆಗೆ ಓಡುತ್ತಿದ್ದೆ. ಅವಳು ಮೊದಲ ಸಲ ಎಲ್ಲವನ್ನೂ ಹೇಳಿದಳು. ಕಿವಿಗೆ ಬಿದ್ದ ಏಟು, ಊಟ ಹಾಕದೆ ಮಲಗಿಸಿದ್ದು, ಹೇಳಲು ನಾಚಿಕೆಪಟ್ಟು ಇಷ್ಟು ದಿನ ನುಂಗಿಕೊಂಡದ್ದು. ನಾನು ಅಷ್ಟು ಜನರ ನಡುವೆ ನಿಂತು "ಊಂ" ಅನ್ನುತ್ತಿದ್ದೆ. ಅವರ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಏನವ್ವ, ಯಾವಾಗ್ಲೂ ಬರೀ ಊಂ ಅಂತೀಯೆ" ಎಂದು ಒಬ್ಬ ಕೇಳಿಯೇ ಬಿಟ್ಟ. ಅದಕ್ಕೂ ಊಂ ಅಂದೆ. ಏನು ಮಾಡಬೇಕು ಎನ್ನುವುದನ್ನು ಅವಳೇ ಯೋಚಿಸಿ, ಅವಳೇ ಹೇಳುತ್ತಾ ಬಂದಳು.

ಒಂದು ಬೆಳಗ್ಗೆ ಕಟ್ಟೆಗೆ ಓಡಿ ಫೋನು ಎತ್ತಿದರೆ ಬಸ್ಸಿನ ಸದ್ದು. "ಅಕ್ಕ, ಬಟ್ಟೆ ತಕ್ಕಂಡು ಬಂದ್ಬುಟ್ಟೆ. ಕಾಮಗೆರೆ ದಾಟ್ತು ಕನಕ್ಕ, ಇನ್ನೇನು ಹನೂರು." "ಬಾ" ಅಂದೆ. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಯಾರವ್ವ?" ಅಂದ ಒಬ್ಬ.

ನಾನು ದನಿ ತಗ್ಗಿಸಲಿಲ್ಲ. "ನನ್ನ ತಂಗಿ. ಒಡ್ಯೋ ಗಂಡನ್ನ ಬುಟ್ಟು ಬತ್ತಾವ್ಳೆ, ಇನ್ ಮೇಲೆ ನಮ್ಮನೇಲೇ ಇರ್ತಾಳೆ. ಯಾರ್ಯಾರ್ಗೆ ಏಳ್ಬೇಕೋ ಈಗ್ಲೇ ಫೋನ್ ಮಾಡಿ ಏಳ್ಬುಡಿ. ಸಿಗ್ನಲ್ ಚೆಂದಾಗದೆ."